ಗಾಡಿ ತುಂಬ ಬಾಗಿನ

ನನ್ನ ಅಕ್ಕ ಪೊಲೀಸರನ್ನು ಕರೆದ ದಿನ, ಬಂದ ಪೊಲೀಸರನ್ನು ವಾಪಸ್ಸು ಕಳಿಸಿದವನು ನಾನು. ನಾನು ಅವಳ ಪಕ್ಕದಲ್ಲೇನೂ ಇರಲಿಲ್ಲ. ಪಿರಿಯಾಪಟ್ಟಣದ ಕಡೆಯ ನಮ್ಮ ಹೊಲದಲ್ಲಿ, ಹೊಗೆಸೊಪ್ಪಿನ ಬ್ಯಾರನ್ನಿನ ಒಲೆಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಅವಳು ಕೃಷ್ಣರಾಜನಗರದ ಕಡೆ, ಗಂಡನ ಮನೆಯ ಜಗಲಿಯಲ್ಲಿ ನಿಂತಿದ್ದಳು. ನಡುವೆ ಇದ್ದದ್ದು ಒಂದು ಫೋನು. ಅಷ್ಟು ದೂರದಿಂದ ಒಂದೇ ಮಾತಿಗೆ ಆ ಕೆಲಸ ಮುಗಿಸಿಬಿಟ್ಟೆ.

ಬ್ಯಾರನ್ನು ಅಂದರೆ ಸೊಪ್ಪು ಬೇಯಿಸುವ ಎತ್ತರದ ಮನೆ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲಾಗಿ ನೇತುಹಾಕಿ, ಹೊರಗಿನ ಒಲೆಯಿಂದ ಬೆಂಕಿ ಕೊಡುತ್ತೇವೆ. ಹಸಿರು ಹೋಗಿ ಹಳದಿಗೆ ತಿರುಗುವ ಹೊತ್ತಿನಲ್ಲಿ ಉರಿ ಒಂದಿಷ್ಟು ಏರಿದರೂ ಸೊಪ್ಪು ಕೆಡುತ್ತದೆ, ಇಳಿದರೂ ಕೆಡುತ್ತದೆ. ಆಗ ನಮ್ಮ ಕಡೆಯ ಗಂಡಸರು ಸಾವಿನ ಮನೆಗೆ ಹೋದರೂ ಒಂದು ಹಿಡಿ ಮಣ್ಣು ಹಾಕಿ ಓಡಿಬರುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಬ್ಯಾರನ್ನು ಉರಿಯುತ್ತಿದೆ ಅಂದರೆ ಎಲ್ಲದಕ್ಕೂ ಮಾಫಿ. ಗೌರಿ ಹಬ್ಬವೂ ಪ್ರತಿವರ್ಷ ಸರಿಯಾಗಿ ಆ ದಿನಗಳಲ್ಲೇ ಬರುತ್ತದೆ. ಹಬ್ಬಕ್ಕೆ ಅಕ್ಕನ ಮನೆಗೆ ತವರಿನ ಬಾಗಿನ ತೆಗೆದುಕೊಂಡು ಹೋಗಬೇಕಾದವನು ನಾನು. ಆ ವರ್ಷ ಹೋಗಿರಲಿಲ್ಲ. ಬ್ಯಾರನ್ ಇಳಿಸಿ ಬರುತ್ತೇನೆ ಅಂದಿದ್ದೆ.

ಫೋನು ಮಾಡಿದ ಪೊಲೀಸಿನವರ ದನಿ ಒರಟಾಗೇನೂ ಇರಲಿಲ್ಲ. ನಿಮ್ಮ ಅಕ್ಕ ನೂರಾ ಹನ್ನೆರಡಕ್ಕೆ ಕರೆ ಮಾಡಿದ್ದಾಳೆ, ಗಂಡ ಹೊಡೆದ ಅನ್ನುತ್ತಾಳೆ, ಅವನು ಏನೂ ಇಲ್ಲ ಅನ್ನುತ್ತಾನೆ, ತವರಿನವರು ಏನು ಹೇಳುತ್ತೀರಿ, ದೂರು ಬರೆದುಕೊಳ್ಳೋಣವಾ ಅಂತ ಕೇಳಿದರು. ಏಟು ತಿಂದವಳು ಅವರ ಎದುರಿಗೇ ನಿಂತಿದ್ದಳು. ಕೇಳಿದ್ದು ನನ್ನನ್ನು. ಆಗ ನನಗೂ ಅದು ವಿಚಿತ್ರ ಅನ್ನಿಸಲಿಲ್ಲ. ಹೆಂಗಸಿನ ವಿಷಯವನ್ನು ಗಂಡಸರು ತಮ್ಮತಮ್ಮಲ್ಲೇ ಮಾತಾಡಿ ಮುಗಿಸುವುದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಪಕ್ಕದಲ್ಲಿ ಸೌದೆ ಜೋಡಿಸುತ್ತಿದ್ದ ಅವ್ವ, ಬೇಡ ಬೇಡ ಎಂದು ಕೈಯಾಡಿಸಿದಳು.

"ಅಂತಾದ್ದೇನೂ ಇಲ್ಲ ಸಾ," ಅಂದೆ. "ಅವ್ಳಿಗೆ ವಸಿ ಬಾಯಿ ಜಾಸ್ತಿ. ಮನೆ ವಿಷ್ಯ ಇದು, ನಾವೇ ನೋಡ್ಕತೀವಿ. ನೀವು ಓಗಿ."

ಅವರು ಹೋದರು. ಅವರ ಫೋನು ಸ್ಪೀಕರಿನಲ್ಲಿತ್ತು, ನನ್ನ ಮಾತು ಜಗಲಿಯಲ್ಲಿದ್ದವರಿಗೆಲ್ಲ ಕೇಳಿಸಿತ್ತು ಅಂತ ತಿಳಿದದ್ದು ಆಮೇಲೆ. ಪಕ್ಕದ ಹೊಲದವನನ್ನು ಒಂದು ಮಾತು ಕೇಳಿದ್ದರೆ ಒಲೆ ನೋಡಿಕೊಳ್ಳುತ್ತಿದ್ದ. ಕೇಳಲಿಲ್ಲ. ಆ ಸಲ ಸೊಪ್ಪಿಗೆ ನಿಂಬೆಹಣ್ಣಿನ ಬಣ್ಣ ಬಂತು. ಹರಾಜು ಕಟ್ಟೆಯಲ್ಲಿ ಜನ ನನ್ನ ಬೇಲನ್ನು ಮುಟ್ಟಿಮುಟ್ಟಿ ನೋಡಿದರು, ನಾನೂ ಮೀಸೆ ತಿರುವಿದೆ.

ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ಅವಳು ನಗುವುದಕ್ಕೆ ಹುಟ್ಟಿದವಳು. ಎಲ್ಲರಂತೆ ಹಲ್ಲು ತೋರಿಸಿ ಮುಗಿಸುವ ನಗುವಲ್ಲ. ಶುರುವಾದರೆ ಮೊದಲು ದನಿ ಹೋಗುತ್ತದೆ, ಆಮೇಲೆ ಕಣ್ಣಲ್ಲಿ ನೀರು, ಆಮೇಲೆ ಕಾಲಲ್ಲಿ ಬಲವಿಲ್ಲದೆ ಇದ್ದಲ್ಲೇ ಕುಸಿದು ಕೂರುತ್ತಾಳೆ. ಬಾವಿಕಟ್ಟೆ, ಗದ್ದೆ ಬದು, ಒಂದು ಸಲ ದೊಡ್ಡಪ್ಪನ ತಿಥಿಯ ಎಲೆಯ ಮುಂದೆಯೂ ಹಾಗೆ ಕುಸಿದವಳು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅವಳನ್ನು ಅದಕ್ಕೂ ಮುಂಚೆಯೇ ಬಿಡಿಸಿದ್ದರು, ನನ್ನನ್ನು ಎತ್ತಿಕೊಳ್ಳುವುದಕ್ಕೆ. ಅವಳ ಸೊಂಟದ ಮೇಲೆ ಕೂತು ನಾನು ಊರು ನೋಡಿದ್ದು. ಅವಳು ನಕ್ಕರೆ ನಾನು ಮೇಲೆ ಕುಲುಕುತ್ತಿದ್ದೆ.

ಮದುವೆಯಾದ ಮೇಲೆ ಆ ನಗು ನಿಂತಿತು. ಫೋನಿನಲ್ಲಿ ಕೋಳಿ ವಿಷಯ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಹ್ಯಾಟೆಕೋಳಿ ಕಾವಿಗೆ ಕೂತಿದೆ, ಹುಂಜ ಪಕ್ಕದ ಮನೆಗೆ ಹೋಗುತ್ತದೆ, ಮರಿಯನ್ನು ಹದ್ದು ಎತ್ತಿಕೊಂಡು ಹೋಯಿತು. ಚೆನ್ನಾಗಿದ್ದೀಯಾ ಅಂದರೆ ಕೋಳಿ ಚೆನ್ನಾಗಿವೆ ಅನ್ನುವಳು. ಅಷ್ಟು ಕೇಳಿ ನಾನು ಫೋನಿಡುತ್ತಿದ್ದೆ. ಪೊಲೀಸರನ್ನು ಕಳಿಸಿದ ಮೇಲೆ ಅದನ್ನೂ ಹೇಳುವುದು ಬಿಟ್ಟಳು.

ಮುಂದಿನ ವರ್ಷ, ಗೌರಿ ಹಬ್ಬ ಹತ್ತಿರವಿದ್ದಾಗ, ಒಂದು ದಿನ ಹೊತ್ತಿಳಿಯುವಾಗ ಅಕ್ಕ ನಮ್ಮೂರ ಗೇಟಿನಲ್ಲಿ ಬಸ್ಸಿಳಿದಳು. ಕೈಯಲ್ಲಿ ತರಕಾರಿ ಬ್ಯಾಗು. ಬ್ಯಾಗಿನಿಂದ ಒಂದು ಕೋಳಿ ತಲೆ ಹೊರಹಾಕಿ ಊರನ್ನು ನೋಡುತ್ತಿತ್ತು. ಹಿಂದೆಯೇ ಬಸ್ಸಿನ ಕಿಟಕಿಗಳಿಂದ ಹತ್ತಾರು ಕೈ ಹೊರಬಂದು ಅವಳಿಗೆ ಟಾಟಾ ಮಾಡುತ್ತಿದ್ದವು. ಅಕ್ಕ ಗೇಟಿನ ಕಲ್ಲಿನ ಮೇಲೆ ಕುಸಿದು ಕೂತಳು. ಏನಾಯಿತೋ ಅಂತ ನಾನು ಓಡಿಹೋದರೆ, ಅವಳು ನಗುತ್ತಿದ್ದಳು. ದನಿಯಿಲ್ಲ, ಕಣ್ಣಲ್ಲಿ ನೀರು.

ಆದದ್ದು ಇಷ್ಟು. ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಲ್ಲವೇ, ಅವಳು ಆಧಾರ್ ಕಾರ್ಡು ತೋರಿಸಿದ್ದಾಳೆ. ಕಂಡಕ್ಟರು ಕೋಳಿಯನ್ನು ನೋಡಿ, ಇದಕ್ಕೆ ಟಿಕೆಟ್ ತಗೋಬೇಕು ಅಂದಿದ್ದಾನೆ.

"ಇದೂ ಎಂಗ್ಸೇ ಅಲ್ವೇನಣ್ಣ," ಅಂದಳಂತೆ ಅಕ್ಕ.

ಕಂಡಕ್ಟರು ಮುಖ ಬಿಗಿದುಕೊಂಡು, "ಅದ್ರುದ್ದೂ ಆಧಾರ್ ತೋರ್ಸು, ಬುಡ್ತೀನಿ," ಅಂದನಂತೆ.

ಬಸ್ಸಿಗೆ ಬಸ್ಸೇ ನಕ್ಕಿತಂತೆ. ಹುಣಸೂರಿನಿಂದ ಇಲ್ಲಿಯ ತನಕ ಯಾರಾದರೂ ಒಬ್ಬರು ಕೋಳಿಯ ಹೆಸರು, ಗಂಡನ ಹೆಸರು, ವಿಳಾಸ ವಿಚಾರಿಸುತ್ತಲೇ ಬಂದರಂತೆ. ಕೋಳಿಗೆ ಗಂಡ ಇಲ್ಲ, ಬಿಟ್ಟು ಬಂದಿದೆ ಅಂದಳಂತೆ ಅಕ್ಕ. ಅದನ್ನು ನನಗೆ ಹೇಳುವಾಗ ಮತ್ತೆ ಕುಸಿದಳು. ನಾನೂ ನಗುತ್ತಾ ಅವಳ ಪಕ್ಕ ಕೂತೆ. ಕೆಳತುಟಿ ಊದಿ ಒಡೆದದ್ದು ಆಗ ಕಂಡಿತು. ನಕ್ಕು ನಕ್ಕು ಅದರಿಂದ ಮತ್ತೆ ರಕ್ತ ಬಂದಿತ್ತು.

ಆವತ್ತು ಬೆಳಿಗ್ಗೆ ಜಗಳ ಹತ್ತಿದ್ದು ಆ ಕೋಳಿಗೇ. ಬಾವ ಸ್ನೇಹಿತರನ್ನು ಕರೆದಿದ್ದ, ಕಾವಿಗೆ ಕೂತ ಹ್ಯಾಟೆಯನ್ನು ಕುಯ್ಯಿ ಅಂದ. ಇವಳು ಆಗಲ್ಲ ಅಂದಳು. ಅವನು ಸೌದೆ ತೆಗೆದುಕೊಂಡ. "ನನ್ಗೆ ಒಡ್ದಾಗೆಲ್ಲ ಸುಮ್ಕಿದ್ನಲ್ಲ ಕಣ್ಲಾ, ಕೋಳಿ ಕತ್ತಿಗೆ ಕೈ ಆಕ್ದಾಗ ಅದೆಲ್ಲಿತ್ತೋ ಸಿಟ್ಟು," ಅಂದಳು. ಕೋಳಿ ಕಿತ್ತುಕೊಂಡು ಪಕ್ಕದ ಮನೆಗೆ ಓಡಿ, ಅಲ್ಲಿಂದ ಮತ್ತೆ ನೂರಾ ಹನ್ನೆರಡಕ್ಕೆ ಫೋನು ಮಾಡಿದಳು. ಈ ಸಲ ಮೊದಲೇ ಹೇಳಿದಳಂತೆ: ತವರಿಗೆ ಫೋನು ಮಾಡಬೇಡಿ, ಏನು ಕೇಳುವುದಿದ್ದರೂ ನನ್ನನ್ನು ಕೇಳಿ, ನನ್ನ ಮಾತನ್ನು ಬರೆದುಕೊಳ್ಳಿ. ಬಂದದ್ದು ಒಬ್ಬ ಹೆಂಗಸು ಹೆಡ್ ಕಾನ್‌ಸ್ಟೇಬಲ್ಲು. ಅಕ್ಕನನ್ನೇ ಕೇಳಿದರು, ಅವಳು ಹೇಳಿದ್ದನ್ನೇ ಬರೆದುಕೊಂಡರು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದರು, ಕೇಸು ಹಾಕಿದರು. ಕೋಳಿಗೋಸ್ಕರ ಕೇಸಾ ಅಂತ ಬಾವ ಬಾಯಿ ಬಿಟ್ಟುಕೊಂಡು ನಿಂತಿದ್ದನಂತೆ.

ಸಂಜೆ ಅಕ್ಕ ಹಿತ್ತಲಿನಲ್ಲಿ ಮುಖ ತೊಳೆಯುವಾಗ ಬಲಗೈ ಒಂದರಲ್ಲೇ ನೀರು ಹಾಕಿಕೊಳ್ಳುತ್ತಿದ್ದಳು. ಎಡಗೈ ಮಣಿಕಟ್ಟು ಸೊಟ್ಟಗಿತ್ತು, ಪೂರ್ತಿ ತಿರುಗುತ್ತಿರಲಿಲ್ಲ. ಯಾವಾಗ ಆಯಿತು ಅಂತ ಕೇಳಿದೆ.

"ಓದ್ ವರ್ಷ. ನೀನು ಫೋನ್ ಇಟ್ಮೇಲೆ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹಾದಿ ಕೇಳಿದವರಿಗೆ ಹಾದಿ ಹೇಳಿದಂತೆ ಹೇಳಿ, ಮುಖ ಒರೆಸಿಕೊಂಡಳು.

ತಪ್ಪಾಯಿತು ಅನ್ನಲು ನಾನು ಬಾಯಿ ತೆಗೆದೆ. "ಕೋಳಿಗೆ ಕಾಳು ಆಕ್ಲಾ?" ಅನ್ನುವ ಮಾತು ಹೊರಗೆ ಬಂತು.

ಅಲ್ಲಿಂದ ಅದೇ ರೋಗವಾಯಿತು. ಊಟಕ್ಕೆ ಕೂತಾಗ ಹೇಳಬೇಕು ಅಂತ ಗಂಟಲು ಸರಿಮಾಡಿಕೊಂಡೆ, ಸಾರಿಗೆ ಉಪ್ಪು ಸಾಲದು ಅಂದೆ. ಬ್ಯಾರನ್ನಿಗೆ ಅಕ್ಕ ಬುತ್ತಿ ತಂದಾಗ ಗಟ್ಟಿ ಮನಸ್ಸು ಮಾಡಿದೆ, ಈ ಸಲ ಮಳೆ ಹೆಂಗೆ ಅಂತ ಕೇಳಿದೆ. ಅಕ್ಕನಿಗೆ ಗೊತ್ತಾಗುತ್ತಿತ್ತು ಅನ್ನಿಸುತ್ತದೆ. ಮಳೆಯ ವಿಷಯ ಕೇಳಿದಾಗ ಅವಳು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಆಕಾಶ ನೋಡಿ, "ಬತ್ತದೆ ಬುಡು, ಇನ್ನೂ ಗಂಟ್ಲಲ್ಲೈತೆ," ಅಂದಳು.

ಎರಡು ದಿನ ಬಿಟ್ಟು ಅವಳ ಊರಿನ ಕಡೆಯ ಠಾಣೆಗೆ ಕರೆದರು. ಜೊತೆಗೆ ನಾನು ಹೋದೆ. ಆ ಹೆಡ್ ಕಾನ್‌ಸ್ಟೇಬಲ್ಲನ್ನು ನಾನು ನೋಡಿದ್ದು ಆಗಲೇ. ಗಟ್ಟಿ ಆಳು, ಅಂತರಸಂತೆ ಕಡೆಯವರು, ಮಾತಿಗೆ ಮುಂಚೆ ಕುರ್ಚಿ ಎಳೆದು ಅಕ್ಕನನ್ನು ಕೂರಿಸಿದರು. ಕೇಸಿನಲ್ಲಿ ಒಂದು ತೊಡಕಿದೆ ಅಂದರು. ಹೋದ ವರ್ಷವೂ ಇವಳು ಸುಳ್ಳು ಕರೆ ಮಾಡಿದ್ದಳು, ಅವಳ ತವರಿನವರೇ ಏನೂ ಆಗಿಲ್ಲ ಅಂದಿದ್ದರು ಅಂತ ಗಂಡನ ಕಡೆಯವರು ಹಿಡಿದು ಕೂತಿದ್ದಾರೆ. ಮುಂದೆ ಕೋರ್ಟಿನಲ್ಲೂ ಅದನ್ನೇ ಹಿಡಿಯುತ್ತಾರೆ. ಅವತ್ತು ಫೋನಿನಲ್ಲಿ ಮಾತಾಡಿದವರು ಬಂದು, ನಾನು ಹೇಳಿದ್ದು ಸುಳ್ಳು ಅಂತ ಹೇಳಿಕೆ ಕೊಟ್ಟರೆ ಆ ಮಾತಿಗೆ ಬಲ ಹೋಗುತ್ತದೆ. ಯಾರು ಮಾತಾಡಿದ್ದು?

ಎದುರಿನ ಗೋಡೆಯಲ್ಲಿ ಒಂದು ಕ್ಯಾಲೆಂಡರಿತ್ತು. ಅದನ್ನು ಅಷ್ಟು ಗಮನ ಕೊಟ್ಟು ನೋಡಿದವರು ಆ ಠಾಣೆಯಲ್ಲಿ ಯಾರೂ ಇರಲಿಕ್ಕಿಲ್ಲ. ಅಕ್ಕ ನನ್ನ ಕಡೆ ತಿರುಗಲಿಲ್ಲ. "ಯಾರೋ ನೆಂಟ್ರು ಮೇಡಂ. ಈಗ ಅವ್ರು ಮಾತಾಡಕಿಲ್ಲ," ಅಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ಲು ನನ್ನನ್ನು ಒಂದು ಸಲ ನೋಡಿದರು. ಆಮೇಲೆ, ನಾಳೆ ಗಾಡಿ ತನ್ನಿ, ಮದುವೆಗೆ ತವರಿನವರು ಕೊಟ್ಟ ನಿಮ್ಮ ಸಾಮಾನು ಕೊಡಿಸುತ್ತೇನೆ, ನಾನೂ ಬರುತ್ತೇನೆ ಅಂದರು.

ಮಾರನೇ ದಿನ ಬ್ಯಾರನ್ನಿನಲ್ಲಿ ಸೊಪ್ಪು ಹಳದಿ ತಿರುಗುತ್ತಿತ್ತು. ಒಲೆಯನ್ನು ಅವ್ವನಿಗೆ ಬಿಟ್ಟೆ. ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಒಲೆಬಾಯಿಗೆ ಕೂತಳು. ನನ್ನ ಹತ್ತಿರ ಒಂದು ಸಣ್ಣ ಗೂಡ್ಸ್ ಗಾಡಿ ಇದೆ, ಸೊಪ್ಪಿನ ಕಾಲ ಬಿಟ್ಟು ಉಳಿದ ದಿನ ಅದೇ ನನ್ನ ಜೀವನ. ಅದನ್ನು ತೊಳೆದು ಹೊರಡಿಸಿದೆ. ಠಾಣೆಯ ಹತ್ತಿರ ಹೆಡ್ ಕಾನ್‌ಸ್ಟೇಬಲ್ಲು ನಮ್ಮ ಪಕ್ಕ ಹತ್ತಿ ಕೂತರು. ಅವರ ಜೊತೆಯ ಹೊಸ ಪೊಲೀಸ್ ಹುಡುಗ ಹಿಂದೆ ನಿಂತುಕೊಂಡ.

ಬಾವನ ಮನೆಯ ಮುಂದೆ ಗಾಡಿ ನಿಂತದ್ದೇ ತಡ, ಕೇರಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಹಬ್ಬಕ್ಕೆ ತಮ್ಮ ಬರುವುದು ವಾಡಿಕೆ, ಆದರೆ ಗಾಡಿ ತರುವುದಿಲ್ಲ. ಎದುರು ಮನೆಯ ಮುದುಕಿ ಹಣೆಗೆ ಕೈ ಅಡ್ಡ ಹಿಡಿದು, "ಏನವ್ವ, ನಿನ್ ತಮ್ಮ ಗಾಡಿ ತುಂಬ ಬಾಗ್ನ ತಂದವ್ನಾ?" ಅಂದಳು.

"ತಂದಿಲ್ಲ ಕಣಮ್ಮ," ಅಂದಳು ಅಕ್ಕ ಕೆಳಗಿಳಿಯುತ್ತಾ. "ಕೊಟ್ಟಿದ್ನ ತಗೊಂಡೋಯ್ತಾವ್ನೆ."

ಯಾರೋ ಬಾಗಿಲ ಹಿಂದೆ ಕಿಸಕ್ಕೆಂದರು. ಅಲ್ಲಿಂದ ಮುಂದಿನದೆಲ್ಲ ನನಗೆ ಒಂದು ತಲೆ ತಿರುಗುವ ತಮಾಷೆಯ ಹಾಗೆ ನೆನಪಿದೆ.

ಬಾವ ಇಸ್ತ್ರಿ ಶರಟು ಹಾಕಿಕೊಂಡು ಕಾಯುತ್ತಿದ್ದ. ಟೀ ಕುಡೀರಿ ಮೇಡಂ, ಕೂತ್ಕಳಿ ಮೇಡಂ, ಫ್ಯಾನ್ ಹಾಕ್ಲಾ ಮೇಡಂ ಅಂತ ಹಿಂದೆಮುಂದೆ ಓಡಾಡಿದ. ಅಕ್ಕನ ಕಡೆ ತಿರುಗಿ ಅದೇ ದನಿಯಲ್ಲಿ, "ನೀವು ವಸಿ ಯೋಚ್ನೆ ಮಾಡಿ," ಅಂದುಬಿಟ್ಟ. ಮದುವೆಯಾದ ಮೇಲೆ ಅಕ್ಕನಿಗೆ ಗಂಡನ ಬಾಯಿಂದ ಬಂದ ಮೊದಲ 'ನೀವು' ಅದು. ಅವಳು ಹಿಂದೆ ತಿರುಗಿ, ಇನ್ಯಾರಾದರೂ ಬಂದಿದ್ದಾರಾ ಅಂತ ನೋಡಿದಳು. ಹೆಡ್ ಕಾನ್‌ಸ್ಟೇಬಲ್ಲು ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಗೋಡೆ ಕಡೆ ತಿರುಗಿಕೊಂಡರು.

ಮಿಕ್ಸಿ, ಗ್ರೈಂಡರು, ತಾಮ್ರದ ಹಂಡೆ, ಕಬ್ಬಿಣದ ಬೀರು ಒಂದೊಂದಾಗಿ ಹೊರಬಂದವು. ಮಂಚದ ಸರದಿ ಬಂದಾಗ ಅಕ್ಕನ ಅತ್ತೆ ಹೋಗಿ ಅದರ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಎದ್ದೇಳಲ್ಲ ಅಂದರು. ಪೊಲೀಸ್ ಹುಡುಗನಿಗೆ ಮುದುಕಿಯ ಮೈ ಮುಟ್ಟಲು ಹೆದರಿಕೆ. ನಾನು ಮಂಚದ ಒಂದು ಕಾಲನ್ನು ಎತ್ತಿ ನೋಡಿದೆ, ಅದರ ಜೊತೆ ಅವರೂ ವಾಲಿದರು, ಆದರೆ ಇಳಿಯಲಿಲ್ಲ.

ಹೆಡ್ ಕಾನ್‌ಸ್ಟೇಬಲ್ಲು ಮುಂದೆ ಬಂದು, "ಇಳೀರಜ್ಜಿ. ಇಲ್ಲಾಂದ್ರೆ ಮಂಚದ್ ಜೊತೆ ನೀವೂ ಸೊಸೆ ತವರಿಗೇ ಓಗ್ಬೇಕಾಯ್ತದೆ," ಅಂದರು.

"ಬ್ಯಾಡಿ ಮೇಡಂ," ಅಂದಳು ಅಕ್ಕ ಗಾಬರಿಯಿಂದ. "ಗಾಡೀಲಿ ಜಾಗ ಇಲ್ಲ."

ಅತ್ತೆ ತಟ್ಟನೆ ಇಳಿದರು.

ಕೊನೆಗೆ ಕೋಳಿಗಳು. ಅವು ಅಕ್ಕ ಸಾಕಿದವು, ಬಿಟ್ಟು ಬರಲು ಅವಳು ಒಪ್ಪಲಿಲ್ಲ. ಹಟ್ಟಿಯ ತುಂಬ ಅವು ಓಡಿದವು, ನಾವು ಅವುಗಳ ಹಿಂದೆ. ಪೊಲೀಸ್ ಹುಡುಗ ಒಂದು ಹುಂಜವನ್ನು ಕಳ್ಳನನ್ನು ಅಟ್ಟಿದಂತೆ ಅಟ್ಟಿಕೊಂಡು ಹೋಗಿ ತಿಪ್ಪೆಗೆ ಬಿದ್ದ. ಎದ್ದ, ಮತ್ತೆ ಬಿದ್ದ. ಕೇರಿಯ ಹೆಂಗಸರು ಈಗ ಮುಚ್ಚುಮರೆ ಬಿಟ್ಟಿದ್ದರು, ಅಲ್ಲೈತೆ ನೋಡು, ಇಲ್ಲೈತೆ ನೋಡು ಅಂತ ಅವನನ್ನು ಕುಣಿಸಿದರು. ಹೆಡ್ ಕಾನ್‌ಸ್ಟೇಬಲ್ಲು ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಒಂದು ಹಿಡಿ ರಾಗಿ ಚೆಲ್ಲಿ, ಬಾಬಾಬಾ ಅಂತ ಕರೆದರು. ಒಂದಿಷ್ಟು ಬಂದವು. ಅಕ್ಕ ಬರೀ ಕೂತಳು. ಅಷ್ಟೇ, ಅಂಗಳದ ನಡುವೆ ಕುಸಿದು ಕೂತು ನಗತೊಡಗಿದಳು. ಉಳಿದ ಕೋಳಿಗಳು ತಾವಾಗಿ ಬಂದು ಅವಳ ಮಡಿಲ ಸುತ್ತ ನಿಂತವು. ಆ ನಗು ಅವುಗಳಿಗೆ ಹೊಸದು, ಏನೆಂದು ನೋಡಲು ಬಂದಿರಬೇಕು.

ಬಾವನಿಗೆ ಅದನ್ನು ಸಹಿಸಲಾಗಲಿಲ್ಲ. ತನ್ನ ಅಂಗಳದಲ್ಲಿ ಹೆಂಡತಿ ಹಾಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ. ಮೇಡಂ ಮೇಡಂ ಅನ್ನುತ್ತಿದ್ದ ದನಿ ಹೋಗಿ ಹಳೆಯ ದನಿ ಬಂತು. ನನ್ನ ಕಡೆ ಬೆರಳು ತೋರಿಸಿ, "ಇವ್ನ ಕೇಳಿ ಮೇಡಂ," ಅಂದ. "ಓದ್ ವರ್ಷ ಪೊಲೀಸ್ರಿಗೆ, ಅವ್ಳಿಗೇ ಬಾಯಿ ಜಾಸ್ತಿ, ಏನೂ ಆಗಿಲ್ಲ, ನೀವು ಓಗಿ ಅಂದೋನು ಇವ್ನೇ. ಈಗ ಗಾಡಿ ತಂದವ್ನೆ ದೊಡ್ ಮನುಷ್ಯ."

ಎಲ್ಲರೂ ನನ್ನನ್ನು ನೋಡಿದರು. ನಾನು ಗಾಡಿಯ ಮೇಲೆ ಬೀರುವಿಗೆ ಹಗ್ಗ ಬಿಗಿಯುತ್ತಿದ್ದೆ. ಹೌದು, ಅಂದದ್ದು ನಾನೇ, ಅದು ಸುಳ್ಳು ಅನ್ನಬೇಕಿತ್ತು. ಅಷ್ಟೇ ಮಾತು. ನಾನು ಕಟ್ಟಿದ ಗಂಟನ್ನೇ ಮತ್ತೆ ಬಿಚ್ಚಿ ಕಟ್ಟಿದೆ. "ಹಗ್ಗ ಸಾಲದು ಅನ್ಸತ್ತೆ," ಅಂದೆ.

ಅಕ್ಕ ನಗು ನಿಲ್ಲಿಸಿ ಎದ್ದಳು. ಸೀರೆಯ ಮಣ್ಣು ಕೊಡವಿಕೊಂಡಳು. "ಸಾಕು ಬುಡು," ಅಂದಳು. "ಓಗಣ ನಡಿ."

ಹೆಡ್ ಕಾನ್‌ಸ್ಟೇಬಲ್ಲು ನಮ್ಮ ಗಾಡಿಯಲ್ಲೇ ವಾಪಸ್ಸು ಬಂದರು. ಠಾಣೆಯ ಮುಂದೆ ಇಳಿದು, ಅಕ್ಕನ ಭುಜ ತಟ್ಟಿ, ತಿಪ್ಪೆ ಮೆತ್ತಿದ ಹುಡುಗನನ್ನು ಕರೆದುಕೊಂಡು ಒಳಗೆ ಹೋದರು.

ಹುಣಸೂರಿನ ರಸ್ತೆಗೆ ಬಿದ್ದ ಮೇಲೆ ಅಕ್ಕನಿಗೆ ಮತ್ತೆ ಹುರುಪು ಬಂತು. ಕಿಟಕಿಗೆ ಮೊಣಕೈ ಕೊಟ್ಟು, ಗಾಳಿಗೆ ಮುಖ ಒಡ್ಡಿ ಕೂತಿದ್ದಳು. ಗಾಡಿಯಲ್ಲಿ ಮಂಚ, ಬೀರು, ಹಂಡೆ ನೋಡಿ ಎದುರು ಬಂದ ಕಬ್ಬಿನ ಟ್ರ್ಯಾಕ್ಟರಿನವನು ನಿಧಾನ ಮಾಡಿ, ಹೊಸ ಮದುವೆನಾ ಅಂತ ಕೂಗಿ ಕೇಳಿದ.

ಅಕ್ಕ ಅರ್ಧ ಹೊರಗೆ ಬಾಗಿ, "ಊಂ ಕಣಣ್ಣ, ಮದ್ವೆನ ವಾಪಸ್ ತಗೊಂಡೋಯ್ತಾ ಇವ್ನಿ," ಅಂದಳು.

ಅವನಿಗೆ ಅರ್ಥವಾಗದೆ ಒಳ್ಳೆಯದಾಗಲಿ ಅಂತ ಕೈಯೆತ್ತಿದ. ಒಂದು ರಸ್ತೆ ಉಬ್ಬಿನ ಮೇಲೆ ಗಾಡಿ ಹಾರಿತು. ಬೀರುವಿನ ಬಾಗಿಲು ತೆರೆದುಕೊಂಡು ಅವಳ ಧಾರೆ ಸೀರೆ ಹೊರಬಂದು ಹಿಂದೆ ಉದ್ದಕ್ಕೂ ಹಾರಾಡತೊಡಗಿತು. ಕೋಳಿಗಳು ಕೊಕ್ಕೊಕ್ಕೋ ಎಂದವು. ಹಿಂದಿನ ಬೈಕಿನವನು ಸೀರೆಯಲ್ಲಿ ಸಿಕ್ಕಿಕೊಂಡು ಹಾರನ್ ಹೊಡೆದ. ನಿಲ್ಲಿಸೋಣವೇ ಅಂತ ಅಕ್ಕನನ್ನು ಕೇಳಿದರೆ ಅವಳ ದನಿ ಹೋಗಿತ್ತು, ಬೇಡ ಅಂತ ಕೈಯಾಡಿಸಿದಳು. ಅವಳು ನಕ್ಕಾಗ ಸೀಟು ಕುಲುಕಿತು, ನಾನೂ ಕುಲುಕಿದೆ, ಚಿಕ್ಕಂದಿನಲ್ಲಿ ಅವಳ ಸೊಂಟದ ಮೇಲೆ ಕುಲುಕಿದ ಹಾಗೆ. ಸ್ಟೇರಿಂಗ್ ಹಿಡಿಯಲಾಗದೆ ಕೊನೆಗೆ ರಸ್ತೆ ಬದಿಗೆ ಹಾಕಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಸೀರೆ ಮಡಿಸಿ ಒಳಗಿಟ್ಟೆವು. ಒಂದು ತುದಿ ನನ್ನ ಕೈಯಲ್ಲಿ, ಒಂದು ತುದಿ ಅವಳ ಕೈಯಲ್ಲಿ. ಎಡಗೈ ತಿರುಗದೆ ಅವಳ ಕಡೆಯ ಮಡಿಕೆ ಸೊಟ್ಟಗೆ ಬಂತು. ಅವಳು ಅದನ್ನು ಬಿಡಿಸಿ ಮತ್ತೆ ಮಡಿಸಿದಳು, ಮತ್ತೆ ಸೊಟ್ಟಗೆ ಬಂತು.

ಗಾಡಿ ಹೊರಟ ಮೇಲೆ ಅವಳು ರಸ್ತೆ ನೋಡುತ್ತಲೇ, "ಲೋ," ಅಂದಳು. "ಪಕ್ಕದ್ ಮನೆಯವ್ವ ಸಾಕ್ಷಿ ಹೇಳ್ತೀನಿ ಅಂದವ್ಳೆ. ಓದ್ ವರ್ಷುದ್ದು ಓಗ್ಲಿ ಬುಡು. ನೀನು ತಲೆ ಕೆಡುಸ್ಕಬ್ಯಾಡ."

ಬೈದಿದ್ದರೆ ಮನೆ ತನಕ ಹೋಗಿಬಿಡುತ್ತಿದ್ದೆನೋ ಏನೋ. ನನ್ನನ್ನು ಎತ್ತಿಕೊಂಡು ತಿರುಗುವ ಕೆಲಸವನ್ನು ಅವಳು ಇನ್ನೂ ಬಿಟ್ಟಿರಲಿಲ್ಲ. ಹುಣಸೂರು ಕಣ್ಣಿಗೆ ಬೀಳುವ ಹೊತ್ತಿಗೆ ನಾನು ಗಾಡಿ ನಿಧಾನ ಮಾಡಿ, ಮಂಚ, ಬೀರು, ಕೋಳಿ ಸಮೇತ ಪೂರ್ತಿ ತಿರುಗಿಸಿದೆ. ಹಂಡೆ ಢಣ್ಣೆಂದಿತು.

"ಏನ್ಲಾ ಮರ್ತೆ?" ಅಂದಳು ಅಕ್ಕ.

"ಒಂದು ಬುಟ್ಟು ಬಂದಿವ್ನಿ," ಅಂದೆ.

ಅಷ್ಟರಲ್ಲಿ ಅವ್ವನ ಫೋನು. ಸೊಪ್ಪು ಕಂದುಬಣ್ಣಕ್ಕೆ ಹೋಗುತ್ತಿದೆ, ಉರಿ ಕೈಗೆ ಸಿಗುತ್ತಿಲ್ಲ, ಎಲ್ಲಿದ್ದೀಯ ಅಂತ ಕೂಗುತ್ತಿದ್ದಳು. ನಾನು ಠಾಣೆಗೆ ಹೋಗುತ್ತಿದ್ದೇನೆ, ಹೋದ ವರ್ಷದ ಮಾತನ್ನು ವಾಪಸ್ಸು ತೆಗೆದುಕೊಳ್ಳಬೇಕು, ಸೊಪ್ಪು ಹೋದರೆ ಹೋಗಲಿ ಅಂದೆ. ಅವ್ವ, "ಅವತ್ತು ಕೈ ಆಡ್ಸಿದ್ದು ನಾನು ಅಂತ್ಲೂ ಹೇಳು," ಅಂದು ಫೋನಿಟ್ಟಳು.

ಠಾಣೆಯ ಮುಂದೆ ಗಾಡಿ ನಿಂತಾಗ ಪೊಲೀಸ್ ಹುಡುಗ ನಲ್ಲಿಯಲ್ಲಿ ಪ್ಯಾಂಟು ತೊಳೆಯುತ್ತಿದ್ದ. ಕೋಳಿಗಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಮೊದಲು ಬಸ್ಸಿನಲ್ಲಿ ಬಂದಿದ್ದ ಹ್ಯಾಟೆಯನ್ನು ಅಕ್ಕ ಆ ದಿನವೂ ಜೊತೆಗೇ ಇಟ್ಟುಕೊಂಡಿದ್ದಳು, ಅದನ್ನು ಕಂಕುಳಲ್ಲಿ ಅವುಚಿಕೊಂಡೇ ಒಳಗೆ ಬಂದು ಬೆಂಚಿನ ಮೇಲೆ ಕೂತಳು.

ನಾನು ಹೆಡ್ ಕಾನ್‌ಸ್ಟೇಬಲ್ಲಿನ ಮುಂದೆ ನಿಂತು, ಅವತ್ತು ಫೋನಿನಲ್ಲಿ ಮಾತಾಡಿದ್ದು ನಾನು, ಹೇಳಿದ್ದು ಸುಳ್ಳು ಅಂದೆ. ಅವರು ಆಶ್ಚರ್ಯಪಡಲಿಲ್ಲ. ಕೂರಿಸಿದರು. ಏನು ಹೇಳಿದಿರೋ ಅದನ್ನು ಹಾಗೇ ಹೇಳಿ, ಈಗಿನ ಬುದ್ಧಿ ಸೇರಿಸಬೇಡಿ ಅಂದರು. ನಾನು ಹೇಳಿದೆ. ಅಂತಾದ್ದೇನೂ ಇಲ್ಲ ಸಾ, ಅವ್ಳಿಗೆ ವಸಿ ಬಾಯಿ ಜಾಸ್ತಿ. ಒಲೆಯ ಮುಂದೆ ಎಷ್ಟು ಸಲೀಸಾಗಿ ಬಂದಿದ್ದ ಮಾತು, ಆ ಕುರ್ಚಿಯಲ್ಲಿ ಕೂತು ಒಂದೊಂದೇ ಪದ ಎಣಿಸಿದಂತೆ ಹೇಳಿದೆ. ಹಿಂದೆ ಬೆಂಚಿನಲ್ಲಿ ಅಕ್ಕ ಅದನ್ನು ಎರಡನೇ ಸಲ ಕೇಳಿಸಿಕೊಂಡಳು. ಹೊಡೆಯುತ್ತಾನೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಅಂತ ಕೇಳಿದರು. ಗೊತ್ತಿತ್ತು ಅಂದೆ. ಅವಳು ಕೋಳಿಯ ವಿಷಯ ಮಾತ್ರ ಮಾತಾಡುತ್ತಿದ್ದುದು ಯಾಕೆ ಅಂತಲೂ ಗೊತ್ತಿತ್ತು ಅಂದೆ. ಅವ್ವ ಹೇಳಿದ್ದನ್ನೂ ಹೇಳಿದೆ. ಎಲ್ಲ ಬರೆದುಕೊಂಡು ಓದಿ ಹೇಳಿದರು. ಸಹಿ ಹಾಕಿದೆ.

ಮುಂದೆ ಕೋರ್ಟಿಗೂ ಬರಬೇಕಾಗುತ್ತದೆ, ಅಲ್ಲೂ ಹೀಗೆ ಹೇಳುತ್ತೀರಾ ಅಂದರು. ಬ್ಯಾರನ್ ಉರಿಯುತ್ತಿದ್ದರೂ ಬರುತ್ತೇನೆ ಅಂದೆ. ಆ ಮಾತಿಗೆ ಬೆಂಚಿನಿಂದ ಒಂದು ಸಣ್ಣ ಸದ್ದು ಬಂತು. ಅಕ್ಕನದೋ ಕೋಳಿಯದೋ ತಿಳಿಯಲಿಲ್ಲ.

ಇನ್ನೇನಾದರೂ ಹೇಳುವುದಿದೆಯಾ ಅಂತ ಹ್ಯಾಟೆಯ ಕಡೆ ಕಣ್ಣಿಟ್ಟು ಕೇಳಿದರು ಹೆಡ್ ಕಾನ್‌ಸ್ಟೇಬಲ್ಲು. ಇದೆ, ಅದು ನಿಮಗಲ್ಲ ಅಂದೆ. ಎದ್ದು ಬೆಂಚಿನ ಹತ್ತಿರ ಹೋದೆ. ಅಕ್ಕ ತಲೆಯೆತ್ತಿ ನೋಡಿದಳು. ಕೆಳತುಟಿಯನ್ನು ಹಲ್ಲಿನಿಂದ ಒತ್ತಿ ಹಿಡಿದಿದ್ದಳು, ನಾನು ಮತ್ತೆ ಮಳೆಯ ವಿಷಯ ತೆಗೆಯುತ್ತೇನೆ ಅಂತ ಕಾಯುತ್ತಿದ್ದಳೋ ಏನೋ. ನನಗೂ ಎದೆಯಲ್ಲಿ ನಗುವೋ ಅಳುವೋ ಒಂದು ಉಬ್ಬಿಕೊಂಡು ಬಂತು. ನಿಂತು ಹೇಳಲಾಗಲಿಲ್ಲ. ಅವಳ ಹಾಗೆಯೇ ಇದ್ದಲ್ಲೇ ಕುಸಿದು ನೆಲದ ಮೇಲೆ ಕೂತೆ. ಆ ಸೊಟ್ಟಗಿನ ಮಣಿಕಟ್ಟನ್ನು ಹಿಡಿದುಕೊಂಡೆ.

"ಅಕ್ಕ," ಅಂದೆ, ಠಾಣೆಗೆಲ್ಲ ಕೇಳುವ ಹಾಗೆ. "ನೀನು ಕರ್ದ ಪೊಲೀಸ್ರನ್ನ ನಾನು ಕಳಿಸ್ಬುಟ್ಟೆ. ನಿನ್ನ ಕೇಳ್ದೆ ನಿನ್ ಬದ್ಲು ನಾನು ಮಾತಾಡ್ದೆ. ಈ ಕೈ ಮುರ್ದಿದ್ದು ಬಾವ ಒಬ್ನೇ ಅಲ್ಲ. ತಪ್ಪಾಯ್ತು ಕಣಕ್ಕ."